ಪ್ರೇರಿಯ ಸೀತಾಳೆಗಳು ಮತ್ತು ಅವುಗಳ ಗಣನೆ

ಉತ್ತರ ಅಮೆರಿಕಾ ಖಂಡದ ಮಧ್ಯದಲ್ಲಿ ಆಳೆತ್ತರದ ಹುಲ್ಲು ಬೆಳೆಯುತ್ತಿದ್ದ ವಿಶಾಲವಾದ ಬಯಲಿಗೆ ಪ್ರೇರಿ ಎಂದು ಹೆಸರು. ಅದರ ಜಿಗುಟು ಮಣ್ಣು ಮೊದಮೊದಲು ನೇಗಿಲಿಗೆ ಬಗ್ಗಲಿಲ್ಲ. 1837ರಲ್ಲಿ ಇಲಿನಾಯ್ ಸಂಸ್ಥಾನದ ಕಮ್ಮಾರನಾದ ಜಾನ್ ಡೀರ್ ಎಂಬವನು ಉಕ್ಕಿನ ನೇಗಿಲನ್ನು ನಿರ್ಮಿಸಿದ ಮೇಲೆ ಹುಲ್ಲುಗಾವಲು ಬಹುಬೇಗನೆ ಹೊಲವಾಯಿತು. 1978ರಲ್ಲಿ ಮುಗಿದ ಸರ್ವೇಕ್ಷಣದಂತೆ, ಆ ಸಂಸ್ಥಾನದ ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿಯಲ್ಲಿ ಕೆಡದೆ ಉಳಿದಿದ್ದುದು ಸುಮಾರು 2,300 ಎಕರೆ ಮಾತ್ರ. ಅದರಲ್ಲಿಯೂ ಹಲವು ತುಣುಕುಗಳು ಹಳೆಯ ಸ್ಮಶಾನಗಳಲ್ಲಿ, ರೈಲುದಾರಿಯ ಅಂಚುಗಳಲ್ಲಿ ದೊರೆತವು.

ಸಸ್ಯಶಾಸ್ತ್ರವು ನೇಗಿಲಿನಷ್ಟು ವೇಗವಾಗಿ ನಡೆಯಲಿಲ್ಲ. ಈ ಬಯಲಿನಲ್ಲಿ ನೆಲದಿಂದಲೇ ಏಳುವ, ಅಂಚು ಸೀಳಿದ ಬಿಳಿಯ ಹೂವಿನ ಸೀತಾಳೆಯನ್ನು ವಿದ್ವಾಂಸರು ಬಹುಕಾಲ ಒಂದೇ ಜಾತಿಯೆಂದೆಣಿಸಿದ್ದರು. ಪೂರ್ವದ ಹೂವು ತನ್ನ ಪರಾಗವನ್ನು ಪತಂಗದ ಸೊಂಡಿಲಿಗೂ, ಪಶ್ಚಿಮದ್ದು ಅದರ ಕಣ್ಣಿಗೂ ಅಂಟಿಸುವುದನ್ನು ಗಮನಿಸಿ, ಶೆವಿಯಾಕ್ ಮತ್ತು ಬೋಲ್ಸ್ ಎಂಬವರು 1986ರಲ್ಲಿ ಪಶ್ಚಿಮದ ಗಿಡಕ್ಕೆ ಪ್ಲಾಟಾಂಥೆರಾ ಪ್ರೀಕ್ಲಾರಾ ಎಂಬ ಪ್ರತ್ಯೇಕ ನಾಮವನ್ನಿತ್ತರು. ಮೂರೇ ವರ್ಷಗಳಲ್ಲಿ, ಎಂದರೆ 1989ರಲ್ಲಿ, ಎರಡು ಜಾತಿಗಳೂ ಸಂಯುಕ್ತ ಸಂಸ್ಥಾನಗಳ ಸರಕಾರದ ರಕ್ಷಣೀಯ ಸಸ್ಯಗಳ ಪಟ್ಟಿಯನ್ನು ಸೇರಿದವು.

ಇವುಗಳ ಗಣನೆಯೂ ಸುಲಭಸಾಧ್ಯವಲ್ಲ. ಗಿಡವು ಪ್ರತಿವರ್ಷವೂ ಹೂಬಿಡುವುದಿಲ್ಲ. ಹೂವಿಲ್ಲದಾಗ ಅದು ಹುಲ್ಲಿನಲ್ಲಿ ಮರೆಯಾಗುತ್ತದೆ. ಆದುದರಿಂದ ಒಂದು ಬೇಸಗೆಯಲ್ಲಿ ಕಾಣದ ಮಾತ್ರಕ್ಕೆ ಅಳಿಯಿತೆಂದು ನಿರ್ಣಯಿಸಲಾಗದು. ಒಮ್ಮೆ ಉತ್ತ ಪ್ರೇರಿಯು ಮೊದಲಿನಂತೆ ಮರಳುವುದು ದುರ್ಲಭವಾದುದರಿಂದ, ಅವಸರದ ಸೊನ್ನೆಯೊಂದು ನೆಲವನ್ನು ನೇಗಿಲಿಗೆ ಒಪ್ಪಿಸುವ ಪ್ರಮಾಣಪತ್ರವಾಗಬಾರದು.