ರೈಫಲ್ ಎಷ್ಟು ನಿಖರ? ಅಳೆಯುವುದು ಹೇಗೆ, ಸುಧಾರಿಸುವುದು ಹೇಗೆ? ಡ್ರಾಗುನೊವ್ ಮತ್ತು ಬೆಂಗಳೂರು ಕಿಟ್‌ನ ಪೂರ್ಣ ಮಾಹಿತಿ

ಭಾರತೀಯ ಸೇನೆಯ ಸ್ನೈಪರ್‌ಗಳು ದಶಕಗಳಿಂದ ಬಳಸುತ್ತಿರುವ ರೈಫಲ್ ರಷ್ಯಾ ಮೂಲದ ಡ್ರಾಗುನೊವ್. ಗಡಿ ನಿಯಂತ್ರಣ ರೇಖೆಯಲ್ಲಿ ಎದುರಾಳಿಯ ಕೈಗೆ ಹೆಚ್ಚು ದೂರ ಹಾರುವ, ಹೆಚ್ಚು ನಿಖರವಾದ ಬಂದೂಕುಗಳು ಬರುತ್ತಿದ್ದಂತೆ ಈ ಹಳೆಯ ರೈಫಲ್ ಅನ್ನು ಬದಲಿಸಬೇಕೋ, ಮೇಲ್ದರ್ಜೆಗೇರಿಸಬೇಕೋ ಎಂಬ ಪ್ರಶ್ನೆ ಎದ್ದಿತು. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ ಡ್ರಾಗುನೊವ್‌ಗಾಗಿಯೇ ನವೀಕರಣ ಕಿಟ್ ಒಂದನ್ನು ಅಭಿವೃದ್ಧಿಪಡಿಸಿದೆ. ಆದರೆ ಒಂದು ರೈಫಲ್ 'ನಿಖರ' ಎಂದು ಹೇಳುವುದು ಯಾವ ಆಧಾರದ ಮೇಲೆ? ಸುಧಾರಣೆ ಎಲ್ಲಿಂದ ಶುರುವಾಗಬೇಕು? ಇಲ್ಲಿದೆ ವಿವರ.

ಸೆಮಿ-ಆಟೋಮ್ಯಾಟಿಕ್ ಎಂದರೇನು?

ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು. ಆದರೆ ಖಾಲಿ ಕಾಡತೂಸು ಹೊರಬಿದ್ದು ಮುಂದಿನದು ತಾನಾಗಿಯೇ ನಳಿಕೆಗೆ ಸೇರುತ್ತದೆ. ಇದೇ ಸೆಮಿ-ಆಟೋಮ್ಯಾಟಿಕ್. ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ 7.62 ಮಿ.ಮೀ. ಎಸ್‌ಎಲ್‌ಆರ್ ಇದೇ ಜಾತಿಯದು. 1990ರ ದಶಕದಲ್ಲಿ ಇನ್ಸಾಸ್ ಬರುವವರೆಗೂ ಸೇನೆಯ ಮುಖ್ಯ ರೈಫಲ್ ಅದೇ ಆಗಿತ್ತು. ಪೊಲೀಸರ ಕೈಯಲ್ಲಿ ನಂತರವೂ ಉಳಿಯಿತು.

1963ರಲ್ಲಿ ಸೋವಿಯತ್ ಸೇನೆ ಸೇರಿದ ಡ್ರಾಗುನೊವ್ ಕೂಡ ಸೆಮಿ-ಆಟೋಮ್ಯಾಟಿಕ್. 10 ಗುಂಡುಗಳ ಮ್ಯಾಗಜಿನ್, 4 ಪಟ್ಟು ಹಿಗ್ಗಿಸಿ ತೋರಿಸುವ ದೂರದರ್ಶಕ, ಸೆಕೆಂಡಿಗೆ ಸುಮಾರು 830 ಮೀಟರ್ ವೇಗದ ಗುಂಡು, ಸುಮಾರು 800 ಮೀಟರ್ ಪರಿಣಾಮಕಾರಿ ವ್ಯಾಪ್ತಿ. ಇವು ಅದರ ಮುಖ್ಯ ಲಕ್ಷಣಗಳು.

ನಿಖರತೆಯ ಅಳತೆಗೋಲು ಎಂಒಎ

ನಿಖರತೆಯನ್ನು ಅಳೆಯುವುದು ಕೋನದಲ್ಲಿ. ಒಂದು ಡಿಗ್ರಿಯ 60ನೇ ಒಂದು ಭಾಗಕ್ಕೆ 1 ಎಂಒಎ ಎನ್ನುತ್ತಾರೆ. 100 ಮೀಟರ್ ದೂರದಲ್ಲಿ ಇದು ಸುಮಾರು 2.9 ಸೆಂ.ಮೀ. 300 ಮೀಟರ್‌ನಲ್ಲಿ 8.7 ಸೆಂ.ಮೀ., 800 ಮೀಟರ್‌ನಲ್ಲಿ ಸುಮಾರು 23 ಸೆಂ.ಮೀ. ದೂರ ಹೆಚ್ಚಿದಂತೆ ತಪ್ಪೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಗಮನಿಸಬೇಕು. ಒಂದೇ ಬಿಂದುವಿಗೆ ಗುರಿಯಿಟ್ಟು ಹಾರಿಸಿದ ಗುಂಡುಗಳು ಎಷ್ಟು ಒತ್ತೊತ್ತಾಗಿ ಬೀಳುತ್ತವೆ ಎಂಬುದು ಗ್ರೂಪಿಂಗ್. ಆ ಗುಂಪಿನ ನಡುಬಿಂದು ಗುರಿಯಿಂದ ಎಷ್ಟು ದೂರವಿದೆ ಎಂಬುದು ಜೀರೋ. ಗುಂಪು ಒತ್ತಾಗಿದ್ದು ಗುರಿಯಿಂದ ಪಕ್ಕಕ್ಕೆ ಬಿದ್ದರೆ ಚಿಂತೆಯಿಲ್ಲ, ದೂರದರ್ಶಕದ ತಿರುಗಣೆಯಲ್ಲೇ ಸರಿಹೋಗುತ್ತದೆ. ಗುಂಡುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದರೆ ಯಾವ ತಿರುಗಣೆಯೂ ಅದನ್ನು ಸರಿಪಡಿಸದು. ಹಾಗಾಗಿ ಮೊದಲು ಗ್ರೂಪಿಂಗ್, ಆಮೇಲೆ ಜೀರೋ.

ಉದಾಹರಣೆಗೆ, 100 ಮೀಟರ್‌ನಲ್ಲಿ ಗುಂಪಿನ ನಡುಬಿಂದು 6 ಸೆಂ.ಮೀ. ಎಡಕ್ಕೆ ಬಿದ್ದಿದೆ ಎಂದುಕೊಳ್ಳಿ. ತಿರುಗಣೆಯ ಒಂದು ಕ್ಲಿಕ್ ಕಾಲು ಎಂಒಎ, ಅಂದರೆ ಸುಮಾರು 7 ಮಿ.ಮೀ. ಸರಿಸುವುದಾದರೆ 8 ಕ್ಲಿಕ್ ಬಲಕ್ಕೆ ತಿರುಗಿಸಿದರೆ ಸಾಕು.

ಪರೀಕ್ಷೆ ನಡೆಯುವುದು ಹೇಗೆ?

ರೈಫಲ್‌ನ ತಪ್ಪನ್ನೂ ಹಾರಿಸುವವರ ತಪ್ಪನ್ನೂ ಬೇರ್ಪಡಿಸುವುದು ಪರೀಕ್ಷೆಯ ಮೊದಲ ಕೆಲಸ. ಅದಕ್ಕಾಗಿ ಬಂದೂಕನ್ನು ಮರಳುಚೀಲದ ಮೇಲೆ ಅಥವಾ ಗಟ್ಟಿ ಸ್ಟ್ಯಾಂಡಿನಲ್ಲಿ ಕೂರಿಸುತ್ತಾರೆ. ಒಂದೇ ಬ್ಯಾಚಿನ ಮದ್ದುಗುಂಡು, ಆದಷ್ಟು ಗಾಳಿಯಿಲ್ಲದ ಹೊತ್ತು, ಗುಂಪು ಗುಂಪಿನ ನಡುವೆ ನಳಿಕೆ ತಣ್ಣಗಾಗಲು ಸಮಯ, ಇವು ಮೂಲ ನಿಯಮಗಳು. ಜೊತೆಗೆ ಪ್ರತಿ ಗುಂಡಿನ ವೇಗವನ್ನೂ ಯಂತ್ರದಿಂದ ದಾಖಲಿಸುತ್ತಾರೆ. ವೇಗದಲ್ಲಿ ಏರುಪೇರಿದ್ದರೆ ದೂರದ ಗುರಿಯಲ್ಲಿ ಗುಂಡುಗಳು ಮೇಲೆ-ಕೆಳಗೆ ಹರಡಿಕೊಳ್ಳುತ್ತವೆ.

ಎಷ್ಟು ಗುಂಡು ಹಾರಿಸಿದರು ಎಂಬುದು ಬಹಳ ಮುಖ್ಯ. 3 ಗುಂಡುಗಳ ಗುಂಪು ಸರಾಸರಿ 3 ಸೆಂ.ಮೀ. ಬರುವ ರೈಫಲ್‌ನಲ್ಲೇ 10 ಗುಂಡು ಹಾರಿಸಿದರೆ ಗುಂಪು ಸರಾಸರಿ 4.7 ಸೆಂ.ಮೀ. ಆಸುಪಾಸಿಗೆ ಹಿಗ್ಗುತ್ತದೆ. ಬಂದೂಕು ಕೆಟ್ಟಿಲ್ಲ, ಸಂಖ್ಯಾಶಾಸ್ತ್ರದ ಲೆಕ್ಕವೇ ಹಾಗೆ. ಮೂರು ಗುಂಡು ಅದೃಷ್ಟದಿಂದಲೂ ಒಟ್ಟಿಗೆ ಬೀಳಬಹುದು, ಹತ್ತು ಹಾಗೆ ಬೀಳುವುದು ಕಷ್ಟ. ಜಾಹೀರಾತಿನಲ್ಲಿ ಕಾಣುವ ಸುಂದರ ಗುಂಪುಗಳಲ್ಲಿ ಎಷ್ಟು ರಂಧ್ರಗಳಿವೆ ಎಂದು ಎಣಿಸಬೇಕಾದ್ದು ಇದಕ್ಕೇ.

ಗುಂಡು ಬದಲಾದರೆ ಫಲಿತಾಂಶವೇ ಬೇರೆ

ಡ್ರಾಗುನೊವ್ ಇತಿಹಾಸದಲ್ಲಿ ದೊಡ್ಡ ಸುಧಾರಣೆ ಬಂದದ್ದು ಬಂದೂಕಿನಿಂದಲ್ಲ, ಮದ್ದುಗುಂಡಿನಿಂದ. ಆರಂಭದಲ್ಲಿ ಅದಕ್ಕೆ ಮೆಷಿನ್‌ಗನ್‌ನ ಸಾಮಾನ್ಯ ಗುಂಡುಗಳನ್ನೇ ಹಾಕುತ್ತಿದ್ದರು. 1960ರ ದಶಕದಲ್ಲಿ 7ಎನ್1 ಎಂಬ ಸ್ನೈಪರ್ ಕಾಡತೂಸನ್ನು ಪ್ರತ್ಯೇಕವಾಗಿ ರೂಪಿಸಲಾಯಿತು. ಸಾಮಾನ್ಯ ಗುಂಡಿನಲ್ಲಿ ಸುಮಾರು 2.2 ಎಂಒಎ ಇದ್ದ ಲಂಬ ಹರಡುವಿಕೆ, ಸ್ನೈಪರ್ ಗುಂಡಿನಲ್ಲಿ ಸುಮಾರು 1.24ಕ್ಕೆ ಇಳಿಯುತ್ತದೆ.

800 ಮೀಟರ್‌ನಲ್ಲಿ ಮೊದಲಿನದು ಸುಮಾರು 51 ಸೆಂ.ಮೀ., ಎರಡನೆಯದು ಸುಮಾರು 29 ಸೆಂ.ಮೀ. ಬಂದೂಕೂ ಅದೇ, ಹಾರಿಸುವ ಸೈನಿಕನೂ ಅವನೇ. ಬದಲಾದದ್ದು ಗುಂಡು ಮಾತ್ರ.

ಇದಕ್ಕೆ ವಿರುದ್ಧವಾದ ಪಾಠವೂ ಇದೇ ರೈಫಲ್‌ನಲ್ಲಿದೆ. ನಳಿಕೆಯ ಒಳಗಿನ ಸುರುಳಿ ಗೀರುಗಳು ಮೊದಲು 320 ಮಿ.ಮೀ.ಗೆ ಒಂದು ಸುತ್ತು ಇದ್ದವು. ಕವಚಭೇದಕ ಮತ್ತು ಟ್ರೇಸರ್ ಗುಂಡುಗಳೂ ಸ್ಥಿರವಾಗಿ ಹಾರಲಿ ಎಂದು 1970ರ ದಶಕದಲ್ಲಿ ಅದನ್ನು 240 ಮಿ.ಮೀ.ಗೆ ಬದಲಿಸಿದರು. ಬಹುಬಳಕೆ ಸಿಕ್ಕಿತು, ಆದರೆ ಹರಡುವಿಕೆ ಸುಮಾರು 19% ಹೆಚ್ಚಿತು.

ಸೆಮಿ-ಆಟೋಮ್ಯಾಟಿಕ್ ಹಿಂದೆ ಬೀಳುವುದೇಕೆ?

ಕೈಯಿಂದ ಬೋಲ್ಟ್ ಎಳೆಯುವ ರೈಫಲ್‌ನಲ್ಲಿ ಗುಂಡು ಹಾರುವಾಗ ಅಲುಗಾಡುವ ಭಾಗಗಳು ಕಡಿಮೆ. ಸೆಮಿ-ಆಟೋಮ್ಯಾಟಿಕ್‌ನಲ್ಲಿ ಗುಂಡು ಹಾರಿಸಿದ ಅನಿಲದ ಒಂದು ಪಾಲು ಪಿಸ್ಟನ್ ತಳ್ಳುತ್ತದೆ. ಆ ಅನಿಲ ವ್ಯವಸ್ಥೆ ನಳಿಕೆಗೇ ಅಂಟಿಕೊಂಡಿರುತ್ತದೆ. ನಳಿಕೆ ಪ್ರತಿ ಗುಂಡಿಗೂ ತಂತಿಯಂತೆ ಕಂಪಿಸುತ್ತದೆ, ಆ ಕಂಪನ ಪ್ರತಿ ಬಾರಿ ಒಂದೇ ರೀತಿ ಇದ್ದರಷ್ಟೇ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಹಿಡಿಕೆ, ಪಟ್ಟಿ, ಸ್ಟ್ಯಾಂಡು ನಳಿಕೆಯನ್ನು ಒತ್ತಿದರೆ ಕಂಪನ ಬದಲಾಗುತ್ತದೆ.

ಇನ್ನೊಂದು ಕಾರಣವೂ ಇದೆ. ದೂಳು, ಕೆಸರಿನ ನಡುವೆಯೂ ತಾನಾಗಿ ಗುಂಡು ತುಂಬಿಕೊಳ್ಳಬೇಕಾದರೆ ಭಾಗಗಳ ನಡುವೆ ತುಸು ಸಡಿಲ ಬೇಕು. ನಿಖರತೆಗೆ ಬೇಕಾದದ್ದು ಬಿಗಿ. ಬಿಗಿ ಹೆಚ್ಚಿಸಿದರೆ ಬಂದೂಕು ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಹಾಗಾಗಿ ಸೈನಿಕನ ರೈಫಲ್ ಯಾವಾಗಲೂ ಈ ಎರಡರ ನಡುವಿನ ಒಪ್ಪಂದ.

ಬೆಂಗಳೂರಿನ ಕಿಟ್ ಮಾಡುವುದೇನು?

ಹಳೆಯ ಡ್ರಾಗುನೊವ್‌ನ ಕೊರತೆಗಳು ಕೇವಲ ನಳಿಕೆಯಲ್ಲಿಲ್ಲ. ಎಲ್ಲರಿಗೂ ಒಂದೇ ಅಳತೆಯ ಬಟ್ ಇರುವುದರಿಂದ ಎತ್ತರದವರಿಗೂ ಕುಳ್ಳಗಿನವರಿಗೂ ಕಣ್ಣು ದೂರದರ್ಶಕದ ನೇರಕ್ಕೆ ಒಂದೇ ಬಗೆಯಲ್ಲಿ ಬರುವುದಿಲ್ಲ. 4 ಪಟ್ಟಿನ ದೂರದರ್ಶಕದಲ್ಲಿ 800 ಮೀಟರ್ ಗುರಿ ಬಹಳ ಚಿಕ್ಕದಾಗಿ ಕಾಣುತ್ತದೆ. ಆಧುನಿಕ ಸಾಧನಗಳನ್ನು ನೇರವಾಗಿ ಕೂರಿಸಲು ಜಾಗವೂ ಇಲ್ಲ.

ಇಂಥ ಕೊರತೆ ನೀಗಿಸಲು ಹೊಸ ಚೌಕಟ್ಟು, ಹೊಂದಿಸಬಹುದಾದ ಬಟ್, ದೂರದರ್ಶಕ ಕೂರಿಸುವ ಪಿಕಾಟಿನಿ ಪಟ್ಟಿ ಮತ್ತು ಎರಡು ಕಾಲಿನ ಸ್ಟ್ಯಾಂಡನ್ನು ಬೆಂಗಳೂರಿನ ಕಿಟ್ ಒದಗಿಸುತ್ತದೆ. ಇದೇ ಕಂಪನಿ ವೈಪರ್ ಮತ್ತು ಸೇಬರ್ ಎಂಬ ಸ್ನೈಪರ್ ರೈಫಲ್‌ಗಳನ್ನೂ ತಯಾರಿಸುತ್ತದೆ. ಅತ್ತ ಮಹಾರಾಷ್ಟ್ರದಲ್ಲಿ, ಪುಣೆಯಲ್ಲಿರುವ ಡಿಆರ್‌ಡಿಒದ ಎಆರ್‌ಡಿಇ ಪ್ರಯೋಗಾಲಯ 500 ಮೀಟರ್ ವ್ಯಾಪ್ತಿಯ 'ಉಗ್ರಂ' ರೈಫಲ್ ಅನ್ನು 2024ರ ಜನವರಿಯಲ್ಲಿ ಅನಾವರಣಗೊಳಿಸಿತು.

ಸೇನೆ ಹೊಸ ಖರೀದಿಯ ದಾರಿಯನ್ನೂ ಹಿಡಿದಿದೆ. ಇಟಲಿಯ ಬೆರೆಟ್ಟಾ, ಅಮೆರಿಕದ ಬ್ಯಾರೆಟ್ ಬಳಿಕ ಫಿನ್ಲೆಂಡ್‌ನ ಸಾಕೋ ಟಿಆರ್‌ಜಿ-42 ಗಡಿಗೆ ಬಂದಿವೆ. ಇವು ಸೆಮಿ-ಆಟೋಮ್ಯಾಟಿಕ್ ಅಲ್ಲ, ಬೋಲ್ಟ್ ಎಳೆಯುವ ಮಾದರಿಯವು.

ಬಂದೂಕು ಬದಲಿಸಿದರೆ ಸಾಕೇ?

ಸಾಲದು. ರೈಫಲ್‌ನ ತಪ್ಪು ಮತ್ತು ಹಾರಿಸುವವರ ತಪ್ಪು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ರೈಫಲ್‌ನ ತಪ್ಪು 1.2 ಎಂಒಎ, ಸೈನಿಕನ ತಪ್ಪು 3 ಎಂಒಎ ಇದ್ದರೆ ಒಟ್ಟು ಸುಮಾರು 3.2. ಹೆಚ್ಚು ಹಣ ಕೊಟ್ಟು ತಪ್ಪು 0.6ಕ್ಕೆ ಇಳಿದ ರೈಫಲ್ ತಂದರೂ ಒಟ್ಟು ಸುಮಾರು 3.1 ಮಾತ್ರ. ಅದೇ ಹಳೆಯ ರೈಫಲ್ ಇಟ್ಟುಕೊಂಡು, ತರಬೇತಿಯಿಂದ ಸೈನಿಕನ ತಪ್ಪನ್ನು 1.5ಕ್ಕೆ ಇಳಿಸಿದರೆ ಒಟ್ಟು 1.9ಕ್ಕೆ ಬರುತ್ತದೆ.

ಪರಿಸರದ ಪಾತ್ರವೂ ಸಣ್ಣದಲ್ಲ. ಎತ್ತರದ ಪ್ರದೇಶದ ತೆಳು ಗಾಳಿಯಲ್ಲಿ ಗುಂಡಿಗೆ ತಡೆ ಕಡಿಮೆ, ಹೀಗಾಗಿ ಬಯಲಿನಲ್ಲಿ ಜೀರೋ ಮಾಡಿದ ರೈಫಲ್ ಅಲ್ಲಿ ದೂರದ ಗುರಿಯ ಮೇಲ್ಭಾಗಕ್ಕೆ ಹೊಡೆಯುತ್ತದೆ. ಕೊರೆಯುವ ಚಳಿಯಲ್ಲಿ ಮದ್ದು ನಿಧಾನ ಉರಿದು ವೇಗ ತಗ್ಗುತ್ತದೆ. ಆದ್ದರಿಂದ ನಿಯೋಜನೆಯಾದ ಜಾಗದಲ್ಲೇ ಮತ್ತೆ ಜೀರೋ ಮಾಡುವುದು ಅಗತ್ಯ.

ಕಾನೂನು ಏನನ್ನುತ್ತದೆ?

ಈ ಪರೀಕ್ಷೆ, ಮಾರ್ಪಾಡುಗಳು ಮನೆಯಲ್ಲಿ ಮಾಡುವಂಥವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕಿನ ತಯಾರಿಕೆ, ಮಾರಾಟ ಮಾತ್ರವಲ್ಲ, ದುರಸ್ತಿ, ಪರಿವರ್ತನೆ, ಪರೀಕ್ಷೆಗೂ ಪರವಾನಗಿ ಬೇಕು. ಸೇನೆಯ 7.62 ಮಿ.ಮೀ. ಮದ್ದುಗುಂಡು ಹಾರಿಸಬಲ್ಲ ಸೆಮಿ-ಆಟೋಮ್ಯಾಟಿಕ್ ರೈಫಲ್‌ಗಳು ನಿಷೇಧಿತ ವರ್ಗಕ್ಕೆ ಸೇರಿವೆ, ಸಾಮಾನ್ಯ ನಾಗರಿಕ ಪರವಾನಗಿಯಲ್ಲಿ ಸಿಗುವುದಿಲ್ಲ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಹೊಸ ರೈಫಲ್ ಅನಾವರಣವಾದಾಗಲೆಲ್ಲ 'ಅತ್ಯಂತ ನಿಖರ' ಎಂಬ ಮಾತು ಕೇಳಿಬರುತ್ತದೆ. ಅದು ತೆರಿಗೆದಾರರ ಹಣದಲ್ಲಿ ಬರುವ ಬಂದೂಕು, ಗಡಿಯಲ್ಲಿ ಒಬ್ಬ ಯೋಧನ ಪ್ರಾಣ ಅದರ ಮೇಲೆ ನಿಂತಿರುತ್ತದೆ. ಹಾಗಾಗಿ ಆ ಮಾತು ಕೇಳಿದಾಗ ನಾಲ್ಕು ಪ್ರಶ್ನೆ ಹಾಕಬೇಕು: ಎಷ್ಟು ದೂರದಿಂದ? ಎಷ್ಟು ಗುಂಡು ಹಾರಿಸಿ? ಯಾವ ಮದ್ದುಗುಂಡಿನಲ್ಲಿ? ಸ್ಟ್ಯಾಂಡಿನಿಂದಲೋ, ಸೈನಿಕನ ಭುಜದಿಂದಲೋ? ಈ ನಾಲ್ಕಕ್ಕೆ ಉತ್ತರವಿಲ್ಲದ ಎಂಒಎ ಅಂಕಿಯಿಂದ ಎರಡು ರೈಫಲ್‌ಗಳನ್ನು ಹೋಲಿಸುವುದೂ ಸಾಧ್ಯವಿಲ್ಲ.