ಬೋರ್ಡಿನ ಮೇಲಿನ 1689

ಜಪಾನಿನ ಕ್ಯೋಟೋ ನಗರಕ್ಕೆ ಹೋದವರು ಮನೆಯವರಿಗೆಂದು ಒಂದು ಡಬ್ಬಿ ಯಾತ್ಸುಹಾಶಿ ತರುತ್ತಾರೆ. ಅಕ್ಕಿಹಿಟ್ಟು, ಸಕ್ಕರೆ, ಚಕ್ಕೆ ಪುಡಿ, ಮುಖ್ಯ ಸಾಮಾನು ಇಷ್ಟೇ. ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ನಾದಿ, ತೆಳ್ಳಗೆ ಲಟ್ಟಿಸಿ, ಉದ್ದಕ್ಕೆ ಕತ್ತರಿಸಿ ಕಾದ ಕಬ್ಬಿಣದ ಮೇಲೆ ಸುಡುತ್ತಾರೆ. ಬಿಸಿ ಆರುವ ಮೊದಲೇ ನಾಡಹೆಂಚಿನ ಹಾಗೆ ಬಾಗಿಸುತ್ತಾರೆ. ಕಚ್ಚಿದರೆ ಕಟುಂ ಅನ್ನಬೇಕು.

ಆ ಬಾಗು ಯಾಕೆ? ಅದು ಕೋತೋ ಎಂಬ ಹದಿಮೂರು ತಂತಿಯ ವಾದ್ಯದ ಆಕಾರವಂತೆ. ಕೋತೋ ಸಂಗೀತಕ್ಕೆ ಹೊಸ ದಾರಿ ಹಾಕಿದ ಯಾತ್ಸುಹಾಶಿ ಕೆಂಗ್ಯೋ ಕಣ್ಣು ಕಾಣದ ವಾದಕ. ‘ಕೆಂಗ್ಯೋ’ ಅನ್ನುವುದು ಅಂಧ ಕಲಾವಿದರ ಸಂಘದಲ್ಲಿ ಎಲ್ಲಕ್ಕಿಂತ ದೊಡ್ಡ ಪದವಿ. ಆತ ತೀರಿಕೊಂಡಿದ್ದು 1685ರಲ್ಲಿ. ಕ್ಯೋಟೋದ ಕುರೋದಾನಿ ದೇವಾಲಯದಲ್ಲಿ ಸಮಾಧಿಯಾಯಿತು. ಅಲ್ಲಿಗೆ ಬರುವವರಿಗಾಗಿ 1689ರಲ್ಲಿ ದಾರಿಯ ಚಹಾದಂಗಡಿಯೊಂದು ಈ ತಿಂಡಿ ಮಾರತೊಡಗಿತು ಎಂಬುದು ಕಥೆ. ಈ ಕಥೆ ನಿಜವೇ ಆದರೂ, ಯಾರ ಹೆಸರು ಹೊತ್ತಿದೆಯೋ ಅವರು ಇದರ ಒಂದು ಚೂರನ್ನೂ ತಿಂದಿರಲಿಕ್ಕಿಲ್ಲ!

ಇನ್ನೊಂದು ಕಥೆಯಲ್ಲಿ ವಾದಕನೇ ಇಲ್ಲ. ‘ಯಾತ್ಸು’ ಅಂದರೆ ಎಂಟು, ‘ಹಾಶಿ’ ಅಂದರೆ ಸೇತುವೆ. ಹಳೆಯ ಸಾಹಿತ್ಯದಲ್ಲಿ ಬರುವ ಮಿಕಾವಾ ಸೀಮೆಯ ಎಂಟು ಹಲಗೆ ಸೇತುವೆಯಿಂದ ಹೆಸರು ಬಂತು ಅನ್ನುತ್ತದೆ ಅದು.

ಈ ಇಸವಿಯೇ ಕೋರ್ಟಿನ ಮೆಟ್ಟಿಲು ಹತ್ತಿತು. ಶೋಗೋಯಿನ್ ಎಂಬ ಅಂಗಡಿ ‘1689ರಲ್ಲಿ ಸ್ಥಾಪನೆ’ ಎಂದು ಹಾಕಿಕೊಂಡಿತ್ತು. ಅದಕ್ಕೆ ಆಧಾರವೇ ಇಲ್ಲ, ಗಿರಾಕಿಗಳನ್ನು ನಂಬಿಸುವ ಮಾತು ಎಂದು ಇಝುತ್ಸು ಎಂಬ ಇನ್ನೊಂದು ಹಳೇ ಅಂಗಡಿ 2018ರಲ್ಲಿ ದಾವೆ ಹೂಡಿತು. 2020ರಲ್ಲಿ ಕ್ಯೋಟೋ ಜಿಲ್ಲಾ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಅಂಥ ಇಸವಿ ಓದಿದವರು ‘ಸಾಕಷ್ಟು ಹಳೆಯದು’ ಅಂದುಕೊಳ್ಳುತ್ತಾರೆ, ಅಷ್ಟೇ. ಅದು ಸುಳ್ಳೆಂದೂ ಸಾಬೀತಾಗಿಲ್ಲ ಎಂಬ ಧಾಟಿಯಲ್ಲಿತ್ತು ತೀರ್ಪು. ಮರುವರ್ಷ ಮೇಲಿನ ಕೋರ್ಟುಗಳಲ್ಲೂ ಇಝುತ್ಸು ಸೋತಿತು.

ತೀರ್ಪು ಕಾನೂನಿಗೆ ಸರಿ ಇರಬಹುದು. ನಮಗೆ ಮಾತ್ರ ಮುಜುಗರ. ಅಂಗಡಿ ಬೋರ್ಡಿನ ಇಸವಿಯನ್ನು ದಾಖಲೆ ಕೇಳದೆ ಎಷ್ಟೋ ಸಲ ಹಾಗೇ ವರದಿಗೆ ಇಳಿಸಿದ್ದೇವೆ. ಸುಳ್ಳೆಂದು ಸಾಬೀತಾಗದ್ದು ನಿಜ ಆಗಿಬಿಡುವುದಿಲ್ಲವಲ್ಲ.

ಅಂದಹಾಗೆ, ಈಗ ಹೆಚ್ಚಾಗಿ ಖರ್ಚಾಗುವುದು ಆ ಗಟ್ಟಿ ತಿಂಡಿಯಲ್ಲ. ಸುಡದ ಮೆತ್ತನೆ ಹಾಳೆಯೊಳಗೆ ಕೆಂಪು ಅಲಸಂದೆಯಂಥ ಕಾಳಿನ ಸಿಹಿ ಹೂರಣ ಇಟ್ಟು ಮೂರು ಮೂಲೆಯಾಗಿ ಮಡಚಿದ ‘ನಾಮಾ ಯಾತ್ಸುಹಾಶಿ’. ಅದು ಮಾರುಕಟ್ಟೆಗೆ ಬಂದಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ.