ಗರಡಿಯಿಂದ ಬಂದವರು

ಕಾರ್ಕಳದ ನಮ್ಮ ಶಾಲೆಯಲ್ಲಿ ಒಮ್ಮೆ ಎಂಟನೆಯ ತರಗತಿಯ ಮಕ್ಕಳಿಗೆ ‘ಗರಡಿ’ ಎಂಬ ಪದದ ಅರ್ಥ ಕೇಳಿದೆ. “ಕೋಟಿ ಚೆನ್ನಯರ ಗುಡಿ ಟೀಚರ್” ಎಂದು ತರಗತಿಗೆ ತರಗತಿಯೇ ಕೂಗಿತು. ತಂದೆಗೆ ವರ್ಗವಾಗಿ ಮೈಸೂರಿನಿಂದ ಬಂದಿದ್ದ ಹುಡುಗನೊಬ್ಬ ಮಾತ್ರ ಹಿಂದಿನ ಬೆಂಚಿನಿಂದ ಮೆಲ್ಲನೆ ಎದ್ದು, “ಕುಸ್ತಿ ಕಲಿಯೋ ಮನೆ ಮಿಸ್” ಎಂದ. ಉಳಿದವರು ನಕ್ಕರು. ನಗಬೇಡಿ, ಎರಡೂ ಸರಿ ಎಂದೆ. ನಮ್ಮ ತುಳುನಾಡಿನ ಗರಡಿಗಳಲ್ಲಿ ಈಗ ದೀಪ ಉರಿಯುತ್ತದೆ, ನೇಮ ನಡೆಯುತ್ತದೆ. ಆದರೆ ಅಂಗಸಾಧನೆಯ ನೆನಪು ಆ ಹೆಸರಿನಲ್ಲೇ ಉಳಿದುಕೊಂಡಿದೆ. ಮೈಸೂರಿನ ಗರಡಿಗಳಲ್ಲಿ ಇಂದಿಗೂ ಹುಡುಗರು ಮಣ್ಣು ಮೆತ್ತಿಕೊಂಡು ಹೊರಬರುತ್ತಾರೆ.

ಆ ಮಣ್ಣಿನ ವಾಸನೆ ನಮ್ಮ ಮನೆಗೂ ಒಮ್ಮೆ ಬಂದಿತ್ತು. ನನಗಿಂತ ಹದಿನಾಲ್ಕು ವರ್ಷ ಹಿರಿಯನಾದ ಅಣ್ಣ ಹೈಸ್ಕೂಲು ಮುಗಿಸದೆ ಕಾಪುವಿನ ಮನೆಯಿಂದ ಮೈಸೂರಿನ ಹೋಟೆಲು ಸೇರಿದವನು. ನಮ್ಮ ಕಡೆಯ ಎಷ್ಟೋ ಮನೆಗಳ ಕಥೆ ಇದೇ. ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಗರಡಿಗೆ ಹೋಗಿ ದಂಡ, ಬಸ್ಕಿ ಹೊಡೆದು, ಆರು ಗಂಟೆಗೆ ಹೋಟೆಲಿನ ಒಲೆಯ ಮುಂದೆ ನಿಲ್ಲುತ್ತಿದ್ದನಂತೆ. ಈ ಸಂಗತಿ ಅಪ್ಪನಿಗೆ ತಿಳಿದದ್ದು ಅವನು ರಜೆಗೆ ಬಂದಾಗ, ಅವನ ಕಿವಿಯಿಂದ. ಕುಸ್ತಿಯಲ್ಲಿ ಕಿವಿ ಮತ್ತೆ ಮತ್ತೆ ಉಜ್ಜಿ ಪೆಟ್ಟಾದರೆ ಚರ್ಮದೊಳಗೆ ರಕ್ತ ನಿಂತು ಗಟ್ಟಿಯಾಗುತ್ತದೆ. ಕಿವಿ ಹಿಟ್ಟಿನ ಮುದ್ದೆಯ ಹಾಗೆ ಮುದುಡಿಕೊಳ್ಳುತ್ತದೆ. ಪೈಲ್ವಾನರಿಗೆ ಅದೊಂದು ಮೆಡಲು. ಅಪ್ಪನಿಗೆ ಮಾತ್ರ ಅದು ರೌಡಿಯ ಗುರುತಾಗಿ ಕಂಡಿತು. ಆ ರಜೆ ಮುಗಿಯುವ ತನಕ ಅವರು ಅಣ್ಣನೊಡನೆ ಮಾತಾಡಲಿಲ್ಲ.

ಅದೇ ರಜೆಯಲ್ಲಿ ಅಣ್ಣ ನನ್ನನ್ನು ಉಡುಪಿಗೆ ಕರೆದುಕೊಂಡು ಹೋಗಿ ‘ಸತ್ಯ ಹರಿಶ್ಚಂದ್ರ’ ತೋರಿಸಿದ. 1965ರ ಚಿತ್ರ, ಮತ್ತೆ ಟಾಕೀಸಿಗೆ ಬಂದಿತ್ತು. ರಾಜ್‌ಕುಮಾರರ ಹರಿಶ್ಚಂದ್ರನನ್ನೂ ಪಂಢರೀಬಾಯಿಯವರ ಚಂದ್ರಮತಿಯನ್ನೂ ನೋಡಿ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸುತ್ತಿದ್ದರು. ನಾನೂ ಅತ್ತೆ. ಅಣ್ಣ ಮಾತ್ರ ಕಾದು ಕುಳಿತದ್ದು ಸ್ಮಶಾನದ ಒಡೆಯ ವೀರಬಾಹುವಿಗಾಗಿ. ಆ ಅಗಲ ಎದೆಯ ಆಳು ಬಂದು, ಕುಲದ ಮೇಲುಕೀಳನ್ನು ಕೆಣಕುವ ಆ ಹಾಡಿಗೆ ಹೆಜ್ಜೆ ಹಾಕತೊಡಗಿದಾಗ ಅಣ್ಣ ನನ್ನ ಕೈ ಒತ್ತಿ, “ನೋಡು, ಅವರು ನಮ್ಮ ಮೈಸೂರಿನ ಪೈಲ್ವಾನರು” ಎಂದ. ಕಂಠ ಘಂಟಸಾಲರದು, ಮೈ ಎಂ.ಪಿ. ಶಂಕರ್ ಅವರದು.

ಶಂಕರ್ ಹುಟ್ಟಿದ್ದು ಮೈಸೂರಿನಲ್ಲಿ, 1935ರ ಆಗಸ್ಟ್ 20ರಂದು. ಸಿನಿಮಾಕ್ಕೆ ಬರುವ ಮೊದಲು ಅವರು ಕುಸ್ತಿಪಟು. ಮೈಸೂರಿನಲ್ಲಿ ಕುಸ್ತಿಗಿದ್ದ ಮರ್ಯಾದೆ ಎಂಥದ್ದೆಂದು ನಾವು ಕರಾವಳಿಯವರು ಸುಲಭವಾಗಿ ಊಹಿಸಲಾರೆವು. ಅಲ್ಲಿ ದಸರಾ ಎಂದರೆ ಆನೆ ಅಂಬಾರಿಯಷ್ಟೇ ಅಲ್ಲ, ಕುಸ್ತಿಯೂ ಹೌದು. ಹಬ್ಬಕ್ಕೆ ಮೊದಲೇ ತೂಕ, ವಯಸ್ಸು ನೋಡಿ ಜೋಡಿ ಕಟ್ಟುತ್ತಾರೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳ ವಜ್ರಮುಷ್ಟಿ ಕಾಳಗ. ಒಬ್ಬನಿಂದ ರಕ್ತದ ಮೊದಲ ಹನಿ ಚಿಮ್ಮಿದ ಕ್ಷಣವೇ ಅದು ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದೂ ಆ ವಿದ್ಯೆಯ ಒಂದು ಭಾಗ. ಗರಡಿಯ ಮಟ್ಟಿಗೆ ಇಳಿಯುವ ಮುನ್ನ ಮಣ್ಣು ಮುಟ್ಟಿ ನಮಸ್ಕರಿಸದವನಿಗೆ ಅಲ್ಲಿ ಜಾಗವಿಲ್ಲ ಎಂದು ಅಣ್ಣ ಹೇಳುತ್ತಿದ್ದ. ಗೆದ್ದವನೇ ಮೊದಲು ಕೈನೀಡಿ ಸೋತವನನ್ನು ಎಬ್ಬಿಸಬೇಕಂತೆ.

ಇಂಥ ಊರಿನಿಂದ ಬಂದ ಶಂಕರ್ 1962ರಲ್ಲಿ ‘ರತ್ನಮಂಜರಿ’ಯಿಂದ ಚಿತ್ರರಂಗ ಸೇರಿದರು. ಅದನ್ನು ನಿರ್ದೇಶಿಸಿದ್ದ ಹುಣಸೂರು ಕೃಷ್ಣಮೂರ್ತಿಯವರೇ ಮೂರು ವರ್ಷಗಳ ಬಳಿಕ ಅವರನ್ನು ವೀರಬಾಹುವಾಗಿ ನಿಲ್ಲಿಸಿದರು. ಆಮೇಲೆ ಸಾಲು ಸಾಲು ಚಿತ್ರಗಳು. ದೊಡ್ಡ ದೇಹದವನಿಗೆ ಸಿನಿಮಾ ಕೊಡುವ ಕೆಲಸ ನಿಮಗೂ ಗೊತ್ತು: ನಾಯಕನನ್ನು ತಡೆಯುವುದು, ಕೊನೆಗೆ ಅವನಿಂದ ಪೆಟ್ಟು ತಿನ್ನುವುದು. ನಮ್ಮ ಕರಾವಳಿಯಿಂದ ಮುಂಬಯಿಗೆ ಹೋದ ಎಂ.ಬಿ. ಶೆಟ್ಟಿಯವರನ್ನೇ ನೋಡಿ. ಹಿಂದಿ ಚಿತ್ರಗಳಲ್ಲಿ ಆ ಬೋಳುತಲೆ ಕಂಡರೆ ಸಾಕು, ಇನ್ನು ಹೊಡೆದಾಟವೆಂದು ಜನ ನೆಟ್ಟಗೆ ಕುಳಿತುಕೊಳ್ಳುತ್ತಿದ್ದರು. 1978ರ ‘ತ್ರಿಶೂಲ್’ನಲ್ಲಿ ಅವರನ್ನು ಎದುರಿಸಲು ಬರುವ ಅಮಿತಾಭ್ ಬಚ್ಚನ್ ಆಂಬುಲೆನ್ಸನ್ನೂ ಜೊತೆಗೇ ತರುತ್ತಾರೆ! ಅನೇಕ ಚಿತ್ರಗಳಿಗೆ ಹೊಡೆದಾಟವನ್ನು ಸಂಯೋಜಿಸಿದವರೂ ಅವರೇ. 1982ರಲ್ಲಿ ತೀರಿಕೊಂಡರು. ಪಂಜಾಬಿನ ದಾರಾ ಸಿಂಗ್ ಒಬ್ಬರಿಗೆ ಮಾತ್ರ ಆ ದೇಹವೇ ಕಡೆಗೆ ಕೈಮುಗಿಸಿಕೊಳ್ಳುವ ಭಾಗ್ಯ ತಂದಿತು. 1987ರಲ್ಲಿ ದೂರದರ್ಶನದ ರಾಮಾಯಣ ಆರಂಭವಾದಾಗ ಅವರ ಹನುಮಂತನಿಗೆ ಟಿ.ವಿ.ಯ ಮುಂದೆಯೇ ಊದುಬತ್ತಿ ಹಚ್ಚಿದವರು ನಮ್ಮ ಬೀದಿಯಲ್ಲೂ ಇದ್ದರು.

ಶಂಕರ್ ಪೆಟ್ಟು ತಿನ್ನುವ ಪಾತ್ರಗಳಲ್ಲೇ ನಿಂತುಬಿಡಲಿಲ್ಲ. 1974ರಲ್ಲಿ ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ಬಂತು. ಗೊರೂರರ ಕಥೆಯ ಆ ಭೂತಯ್ಯ, ಊರನ್ನೆಲ್ಲ ಹಿಂಡಿ, ಸತ್ತ ಮೇಲೆ ಹೆಣ ಹೊರಲೂ ಜನ ಬಾರದಂಥ ಜಿಪುಣ ಸಾಹುಕಾರ. ಇಲ್ಲಿ ತೋಳಿಗೆ ಕೆಲಸವಿಲ್ಲ. ನೋಟಕ್ಕೆ, ದನಿಗೆ ಮಾತ್ರ ಕೆಲಸ. ದೂರದರ್ಶನದಲ್ಲಿ ಅದು ಬಂದ ದಿನ ಅಮ್ಮ, “ಇವನಿಗೆ ಒಳ್ಳೆಯ ಸಾವು ಬಾರದು” ಎಂದು ಶಪಿಸುತ್ತಲೇ ನೋಡಿದಳು. ಅಷ್ಟು ಹೊತ್ತಿಗೆ ಊರಿಗೆ ಮರಳಿ ಕಾಪುವಿನಲ್ಲಿ ಸಣ್ಣ ಹೋಟೆಲು ಇಟ್ಟಿದ್ದ ಅಣ್ಣ ಕಂಬಕ್ಕೆ ಒರಗಿ ಕುಳಿತು ನಗುತ್ತಿದ್ದ. “ಪಾಪದವರು ಅಮ್ಮ, ಪೈಲ್ವಾನರು” ಎಂದ. ಪಾಪದವರು ಎಂದರೆ ನಮ್ಮಲ್ಲಿ ಸಾಧು ಮನುಷ್ಯರು ಎಂದರ್ಥ.

ಅವರು ದುಡಿದ ಹಣವನ್ನು ಹಾಕಿದ್ದು ಕಾಡಿನ ಚಿತ್ರಗಳಿಗೆ. 1969ರಲ್ಲಿ ‘ಕಾಡಿನ ರಹಸ್ಯ’, 1973ರಲ್ಲಿ ‘ಗಂಧದ ಗುಡಿ’, ಮುಂದೆ 1986ರಲ್ಲಿ ‘ಮೃಗಾಲಯ’. ‘ಗಂಧದ ಗುಡಿ’ ಬಂದ ಕಾಲವನ್ನು ಗಮನಿಸಿ. ವನ್ಯಜೀವಿ ಸಂರಕ್ಷಣಾ ಕಾಯಿದೆ ಆದದ್ದು 1972ರಲ್ಲಿ. ಹುಲಿ ಯೋಜನೆ ಆರಂಭವಾದದ್ದು 1973ರ ಏಪ್ರಿಲ್‌ನಲ್ಲಿ; ಬಂಡೀಪುರವೂ ಅದರ ಮೊದಲ ತಾಣಗಳಲ್ಲಿ ಒಂದು. ಗೋಡೆಯ ಮೇಲೆ ಜಿಂಕೆಯ ಕೊಂಬು ತೂಗಿಸುವುದೇ ದೊಡ್ಡಸ್ತಿಕೆಯಾಗಿದ್ದ ದಿನಗಳಲ್ಲಿ, ಮರಗಳ್ಳರಿಂದ ಕಾಡನ್ನು ಕಾಯುವ ಅರಣ್ಯಾಧಿಕಾರಿಯನ್ನು ಶಂಕರ್ ನಾಯಕನನ್ನಾಗಿ ಮಾಡಿದರು. ಆ ಪಾತ್ರಕ್ಕೆ ರಾಜ್‌ಕುಮಾರ್, ಎದುರಿಗೆ ಇನ್ನೂ ಹೊಸಬರಾಗಿದ್ದ ವಿಷ್ಣುವರ್ಧನ್, ನಿರ್ದೇಶನ ವಿಜಯ್ ಅವರದು. 1979ರಲ್ಲಿ ಅದೇ ಕಥೆ ಧರ್ಮೇಂದ್ರರ ‘ಕರ್ತವ್ಯ’ವಾಗಿ ಹಿಂದಿಗೂ ಹೋಯಿತು. ಪುನೀತ್ ರಾಜ್‌ಕುಮಾರ್ ಕಾಡು ಸುತ್ತಿದ ಸಾಕ್ಷ್ಯಚಿತ್ರ, ಅವರು ಅಗಲಿದ ಮರುವರ್ಷ, 2022ರಲ್ಲಿ ತೆರೆಗೆ ಬಂದಾಗ ಅದಕ್ಕೂ ಇದೇ ಹೆಸರು. ಬಾಯಿಲ್ಲದ ಪ್ರಾಣಿಯ ಪರವಾಗಿ ನಿಂತವನು ತೆರೆಯ ಮೇಲೆ ಜನ ಹೆದರುತ್ತಿದ್ದ ಒಬ್ಬ ಪೈಲ್ವಾನ ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಇಷ್ಟೆಲ್ಲ ಬರೆಯುವ ನಾನೇ ನನ್ನ ಮನೆಯ ಪೈಲ್ವಾನನಿಗೆ ಮಾಡಿದ್ದೇನು? 1992ರಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು. ಮುನ್ನಾದಿನ ಮನೆಯ ಹಿರಿಯರೊಬ್ಬರು, “ಹುಡುಗಿಯ ಅಣ್ಣನ ಕಿವಿ ನೋಡಿದರೆ ಏನೆಂದುಕೊಂಡಾರು? ಅವನು ಚಾವಡಿಗೆ ಬಾರದಿದ್ದರೆ ಒಳ್ಳೆಯದು” ಎಂದರು. ಅಣ್ಣ ಕೇಳಿಸಿಕೊಂಡ. ಮರುದಿನ ತಲೆಗೆ ಬೈರಾಸು ಬಿಗಿದುಕೊಂಡು ಅಡುಗೆಮನೆ ಸೇರಿದವನು ಹೊರಗೆ ಬರಲಿಲ್ಲ. ಬಂದವರಿಗೆ ಬೆಲ್ಲ ನೀರು ಕೊಟ್ಟದ್ದು ಅಮ್ಮ. ಗೋಳಿಬಜೆ, ಕಾಫಿ ಎಲ್ಲವೂ ಅಣ್ಣನ ಕೈಯದು. ಕಾಫಿಯನ್ನು ಎಲ್ಲರೂ ಹೊಗಳಿದರು. ಮಾಡಿದವರು ಯಾರೆಂದು ಕೇಳಿದಾಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಹೆಣ್ಣಿನ ನಾಚಿಕೆ ಎಂದುಕೊಂಡರು. ಮದುವೆಯ ದಿನ ಅವನ ಕಿವಿಯ ಬಗ್ಗೆ ಯಾರೋ ಕೇಳಿದ್ದಕ್ಕೆ ಅವನೇ, “ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದು” ಎಂದುಬಿಟ್ಟ. ಆ ಸುಳ್ಳೇ ಮುಂದೆ ನಮ್ಮ ಮನೆಯ ನಿಜವಾಯಿತು.

2008ರ ಮಳೆಗಾಲದಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಅಣ್ಣ ಮಣಿಪಾಲದ ಆಸ್ಪತ್ರೆಯಲ್ಲಿದ್ದ. ಜುಲೈ 18ರ ಬೆಳಗ್ಗೆ ನಾನು ಗಂಜಿಯ ಜೊತೆಗೆ ಪತ್ರಿಕೆಯನ್ನೂ ಒಯ್ದಿದ್ದೆ. ಹಿಂದಿನ ದಿನ ಮೈಸೂರಿನಲ್ಲಿ ಎಂ.ಪಿ. ಶಂಕರ್ ನಿಧನರಾಗಿದ್ದರು, 72ನೆಯ ವಯಸ್ಸಿನಲ್ಲಿ. ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಅಣ್ಣ ಸುದ್ದಿಯನ್ನು ಎರಡು ಸಲ ಓದಿ ಪತ್ರಿಕೆಯನ್ನು ಮಡಿಸಿ ದಿಂಬಿನ ಕೆಳಗಿಟ್ಟ. ಏನೂ ಹೇಳಲಿಲ್ಲ. ಅಷ್ಟರಲ್ಲಿ ಬಂದ ಕಿರಿಯ ಡಾಕ್ಟರು ಅವನ ಕಿವಿ ನೋಡಿ, “ಇದೇನಾಯಿತು?” ಎಂದು ಕೇಳಿದರು. “ಬಾವಿಕಟ್ಟೆಯಲ್ಲಿ...” ಎಂದು ಅವನು ಬಾಯಿಪಾಠ ಒಪ್ಪಿಸತೊಡಗಿದ.

“ಅಲ್ಲ ಡಾಕ್ಟ್ರೇ, ಇವರು ಮೈಸೂರಿನಲ್ಲಿ ಕುಸ್ತಿ ಮಾಡಿದವರು” ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ, ಪಕ್ಕದ ಮಂಚದವರೂ ತಿರುಗಿ ನೋಡಿದರು. ಡಾಕ್ಟರು ಕುತೂಹಲದಿಂದ ಕುರ್ಚಿ ಎಳೆದುಕೊಂಡರು. ಅಣ್ಣ ಒಂದು ಕ್ಷಣ ನನ್ನನ್ನೇ ನೋಡಿ, ಮತ್ತೆ ಮಟ್ಟಿಯ ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸುವಲ್ಲಿಂದ ಹಿಡಿದು ಎಲ್ಲವನ್ನೂ ಹೇಳತೊಡಗಿದ. ಹದಿನಾರು ವರ್ಷ ಕೂಡಿಟ್ಟಿದ್ದ ಮಾತು.

ಅಣ್ಣ ಈಗಿಲ್ಲ. ನಾನು ಮಕ್ಕಳನ್ನು ಪ್ರತಿವರ್ಷ ಕಾರ್ಕಳದ ಬೆಟ್ಟಕ್ಕೆ ಕರೆದೊಯ್ಯುತ್ತೇನೆ. 1432ರಲ್ಲಿ ನಿಲ್ಲಿಸಿದ, ಸುಮಾರು 42 ಅಡಿಯ ಗೊಮ್ಮಟನ ಕೆಳಗೆ ಕೂರಿಸಿ ಬಾಹುಬಲಿಯ ಕಥೆ ಹೇಳುತ್ತೇನೆ: ದೃಷ್ಟಿಯುದ್ಧ, ಜಲಯುದ್ಧ, ಕೊನೆಗೆ ಮಲ್ಲಯುದ್ಧ. ಅಣ್ಣ ಭರತನನ್ನು ಮೇಲಕ್ಕೆತ್ತಿದ ಬಾಹುಬಲಿ ನೆಲಕ್ಕೆ ಅಪ್ಪಳಿಸಲಿಲ್ಲ, ಮೆಲ್ಲನೆ ಕೆಳಗಿಳಿಸಿದ. ಕಳೆದ ಸಲ ಆ ಮೈಸೂರಿನ ಹುಡುಗ ತಲೆಯೆತ್ತಿ ಬಹಳ ಹೊತ್ತು ನೋಡಿ, “ಮಿಸ್, ಹಾಗಾದರೆ ಇವರೂ ಪೈಲ್ವಾನರೇ?” ಎಂದು ಕೇಳಿದ.

ಹೌದು ಮಗಾ ಎಂದೆ. ಈ ಸಲ ಯಾರೂ ನಗಲಿಲ್ಲ.